ಕೆಲಸಕ್ಕೆ ಜನ ಬೇಕಾಗಿದ್ದಾರೆ

ನಾನು ಲೆಕ್ಕ ಬರೆಯುವ ದರ್ಶಿನಿಯೊಂದರಲ್ಲಿ, ಅಂದರೆ ನಿಂತು ತಿನ್ನುವ ಹೋಟೆಲಿನಲ್ಲಿ, ಗಲ್ಲಾದ ಪಕ್ಕಕ್ಕೆ ಒಂದು ಬೋರ್ಡಿದೆ. 'ಕೆಲಸಕ್ಕೆ ಜನ ಬೇಕಾಗಿದ್ದಾರೆ. ಊಟ, ವಸತಿ ಉಚಿತ.' ಹದಿನಾಲ್ಕು ವರ್ಷದಿಂದ ಅದನ್ನು ನೋಡುತ್ತಿದ್ದೇನೆ. ಮೊದಲು ಅದು ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅನ್ನದ ಅಗುಳು ಹಚ್ಚಿ ಅಂಟಿಸುತ್ತಿದ್ದರು, ಎರಡು ವಾರದಲ್ಲಿ ಯಾರಾದರೂ ಸಿಕ್ಕರೆ ಕಿತ್ತುಹಾಕುತ್ತಿದ್ದರು. ಆಮೇಲೆ ಲ್ಯಾಮಿನೇಷನ್ ಆಯಿತು. ಆಮೇಲೆ ಫ್ಲೆಕ್ಸ್. ಈಗ ಹಿಂದಿನಿಂದ ಲೈಟು ಉರಿಯುವ ಅಕ್ರಿಲಿಕ್ ಬೋರ್ಡು, ಕನ್ನಡದ ಕೆಳಗೆ ಅದೇ ಸಾಲು ಹಿಂದಿಯಲ್ಲಿ. ಪಕ್ಕದಲ್ಲಿರುವ 'ಇಂದಿನ ವಿಶೇಷ' ದಿನಾ ಬದಲಾಗುತ್ತದೆ. ಇದು ಮಾತ್ರ ಹಾಗೇ ಇರುತ್ತದೆ.

ಬೆಂಗಳೂರಿನ ದಕ್ಷಿಣ ಭಾಗದ ನಾಲ್ಕು ದರ್ಶಿನಿಗಳ ಲೆಕ್ಕ ನನ್ನದು. ಹಾಜರಿ, ಸಂಬಳ, ಭವಿಷ್ಯನಿಧಿಯ ಪಿಎಫ್, ಕಾಯಿಲೆ ಗಾಯಕ್ಕೆ ಆಗುವ ನೌಕರರ ವಿಮೆ ಇಎಸ್‌ಐ, ಎಲ್ಲ. ಕೂರುವ ಜಾಗ ಸ್ಟೋರು ರೂಮಿನ ಮೂಲೆ, ಒಂದು ಕಡೆ ಉದ್ದಿನಬೇಳೆ ಚೀಲ, ಇನ್ನೊಂದು ಕಡೆ ಎಣ್ಣೆ ಡಬ್ಬ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಎಚ್‌ಆರ್ ಅನ್ನುತ್ತಾರೆ, ಗಾಜಿನ ಕೋಣೆ ಕೊಡುತ್ತಾರೆ. ನಮ್ಮಲ್ಲಿ ಎಚ್‌ಆರ್ ಅಂದರೆ ಯಜಮಾನರ ಅಂಗಿಯ ಮೇಲುಜೇಬಿನಲ್ಲಿರುವ ಚಿಕ್ಕ ಡೈರಿ. ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಯಾರು ಊರಿಗೆ ಹೋಗಿ ಬಂದಿಲ್ಲ, ಯಾರ ತಂಗಿಯ ಮದುವೆ ಯಾವಾಗ ಅನ್ನುವುದೆಲ್ಲ ಅದರಲ್ಲಿದೆ. ತಿಂಗಳಿಗೊಮ್ಮೆ ಆ ಡೈರಿಯನ್ನು ನಾನು ಕಂಪ್ಯೂಟರಿಗೆ ಇಳಿಸುತ್ತೇನೆ.

ಯಜಮಾನರದು ದಿನಾ ಒಂದೇ ರಾಗ: "ಜನ ನಿಲ್ಲೂದಿಲ್ಲ ಮಾರಾಯ್ರೆ."

ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲು ಜನ ಯಾಕೆ ನಿಲ್ಲುತ್ತಿದ್ದರು ಅನ್ನುವುದನ್ನು ಅವರು ಯೋಚಿಸಿದ ಹಾಗೆ ಕಾಣುವುದಿಲ್ಲ.

ನಮ್ಮದು ಕುಂದಾಪುರದ ಕಡೆ. ನನ್ನ ಸೋದರಮಾವ ಹನ್ನೊಂದನೇ ವಯಸ್ಸಿಗೆ ಮುಂಬಯಿಯ ಹೋಟೆಲು ಸೇರಿದವರು. ಬಸ್ಸು ಹತ್ತಿಸಿದ್ದು ಊರಿನವರೇ, ಇಳಿಸಿಕೊಂಡದ್ದು ಊರಿನವರೇ, ಹೋಟೆಲಿನ ಧಣಿಯೂ ಹತ್ತು ಮೈಲಿ ಆಚೆಯ ಊರಿನವರು. ಮೊದಲ ಎರಡು ವರ್ಷ ಮೇಜು ಒರೆಸಿದರು, ಆಮೇಲೆ ಲೋಟ ತೊಳೆದರು, ಆಮೇಲೆ ಕಾಫಿ ಹಿಡಿದು ಓಡಾಡಿದರು. ರಾತ್ರಿ ಹೋಟೆಲಿನ ಬೆಂಚು ಜೋಡಿಸಿ ಮಲಗುವುದು. ಮಾವ ಪುಣ್ಯಕ್ಕೆ ಕನ್ನಡದ ರಾತ್ರಿಶಾಲೆಗೂ ಹೋದರು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ನಡೆಸುತ್ತಿದ್ದ ಶಾಲೆಗಳವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಮಾಣಿಗಳು ಕಣ್ಣು ಎಳೆಯುತ್ತಿದ್ದರೂ ಕೂತು ಕಲಿತು ಮುಂದೆ ಬ್ಯಾಂಕಿಗೂ ಕೋರ್ಟಿಗೂ ಹೋದದ್ದುಂಟು. ಮಾವ ಎಸ್ಸೆಸ್ಸೆಲ್ಸಿ ದಾಟಲಿಲ್ಲ, ಗಲ್ಲಾಕ್ಕೆ ಬಂದರು. ಎಂಬತ್ತರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಆರು ಮೇಜಿನ ಸ್ವಂತ ಹೋಟೆಲು ಹಾಕಿದರು. ದುಡ್ಡಿನ ಅರ್ಧ ಕೊಟ್ಟದ್ದು ಅವರ ಹಳೆಯ ಧಣಿ.

ಇದನ್ನು ಹೇಳುವಾಗ ನನಗೆ ಒಂದು ಹೆದರಿಕೆಯಿದೆ. ಬೆವರಿನಿಂದ ಬೆಳೆದ ಕಥೆ ಅಂತ ಇದನ್ನು ಸಿಹಿ ಮಾಡಿ ಹೇಳುವವರು ಬೇಕಾದಷ್ಟಿದ್ದಾರೆ. ಹನ್ನೊಂದು ವರ್ಷದ ಹುಡುಗ ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದರಲ್ಲಿ ಯಾವ ಸಿಹಿಯೂ ಇಲ್ಲ. ಮಾವನ ಎಡಗೈಯಲ್ಲಿ ಸಾಂಬಾರು ಚೆಲ್ಲಿದ ಕಲೆ ಸಾಯುವ ತನಕ ಇತ್ತು. ಸಂಬಳ ಅಪ್ಪನ ಹೆಸರಿಗೆ ಮನಿಯಾರ್ಡರ್ ಆಗುತ್ತಿತ್ತು, ಹುಡುಗನ ಕೈಗೆ ಬರುತ್ತಿದ್ದುದು ಸಿನಿಮಾದ ದುಡ್ಡು ಮಾತ್ರ. ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮುಷ್ಕರಕ್ಕಿಂತ ಎಷ್ಟೋ ಮೊದಲು, 1949ರ ಸುಮಾರಿಗೆ, ಮಂಗಳೂರಿನಲ್ಲಿ ಸಂಘಟಿಸಲು ಹೊರಟದ್ದು ಹೋಟೆಲಿನವರನ್ನು ಮತ್ತು ಮೋಟಾರು ಕೆಲಸಗಾರರನ್ನು. ಹೊಟ್ಟೆ ತುಂಬಿದವರು ಯಾರೂ ಹತ್ತೊಂಬತ್ತು ವರ್ಷದ ಹುಡುಗನ ಹಿಂದೆ ಸಂಘ ಕಟ್ಟಲು ಹೋಗುವುದಿಲ್ಲ. ಹೋಟೆಲು, ಡಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದು ಅನ್ನುವ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಬಹಳ ತಡವಾಯಿತು ಅಂತಲೇ ನನ್ನ ಅಭಿಪ್ರಾಯ.

ಆದರೆ ಆ ವ್ಯವಸ್ಥೆಯೊಳಗೆ ಒಂದು ಏಣಿ ಇತ್ತು. ಮೇಜು ಒರೆಸುವವನಿಗೆ ಮೇಲಿನ ಮೆಟ್ಟಿಲು ಕಣ್ಣಿಗೆ ಕಾಣುತ್ತಿತ್ತು, ಯಾಕೆಂದರೆ ಗಲ್ಲಾದ ಮೇಲೆ ಕೂತವನು ಅದೇ ಮೆಟ್ಟಿಲು ಹತ್ತಿ ಬಂದವನು. ಜನ ನಿಲ್ಲುತ್ತಿದ್ದದ್ದು ಅದಕ್ಕೆ. ಜೊತೆಗೆ ಓಡಿಹೋದರೆ ಊರಿನಲ್ಲಿ ಅಪ್ಪನ ಮುಖಕ್ಕೆ ಕೇಳುತ್ತಾರೆ ಅನ್ನುವ ಅಂಜಿಕೆಯೂ ಇತ್ತು ಅನ್ನಿ.

ದರ್ಶಿನಿ ಹುಟ್ಟಿದ್ದರಲ್ಲೂ ಈ ಜನದ ತಾಪತ್ರಯದ ಪಾಲಿದೆ. ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದಾಗ ಎಲ್ಲರೂ ಮೆಚ್ಚಿದ್ದು ಕಡಿಮೆ ಬೆಲೆ, ಬೇಗ ಸಿಗುವ ತಿಂಡಿ, ಕಣ್ಣೆದುರೇ ಕಾಣುವ ಅಡುಗೆಮನೆ. ಲೆಕ್ಕ ಬರೆಯುವವನ ಕಣ್ಣಿಗೆ ಕಾಣುವುದು ಬೇರೆ. ಅಲ್ಲಿ ಕುರ್ಚಿ ಹೋಯಿತು, ಕುರ್ಚಿಯ ಜೊತೆ ಸಪ್ಲೈಯರ್ ಹೋದ. ಗಿರಾಕಿಯೇ ಟೋಕನ್ ತಗೊಂಡು, ಗಿರಾಕಿಯೇ ತಟ್ಟೆ ಹಿಡಿದು, ಗಿರಾಕಿಯೇ ನಿಂತು ತಿಂದು, ತಟ್ಟೆಯನ್ನೂ ತಾನೇ ಬುಟ್ಟಿಗೆ ಹಾಕಿ ಹೋಗುತ್ತಾನೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಇವತ್ತಿಗೂ ಸಪ್ಲೈಯರ್ ಒಂದು ಕೈ ಮೇಲೆ ದೋಸೆ ತಟ್ಟೆಗಳನ್ನು ಭುಜದವರೆಗೆ ಪೇರಿಸಿಕೊಂಡು ಬರುವುದನ್ನು ಜನ ಫೋಟೊ ತೆಗೆಯುತ್ತಾರೆ. 1943ರಿಂದ ಇರುವ ಹೋಟೆಲು ಅದು. ಆ ಕೈಚಳಕವನ್ನು ದರ್ಶಿನಿ ಬೇಡವೆಂದಿತು. ಏಣಿಯ ನಡುವಿನ ಮೆಟ್ಟಿಲು ಹೋದದ್ದು ಆವಾಗ. ಕ್ಲೀನರ್ ಆಗಿ ಬಂದವನಿಗೆ ಮುಂದಿನದು ಸಪ್ಲೈಯರ್ ಅಲ್ಲ, ಗೋಡೆ.

ಆಮೇಲೆ ಒಂದೊಂದಾಗಿ ಉಳಿದವೂ ಹೋಗುತ್ತಿವೆ. ಹಿಟ್ಟು ರುಬ್ಬುವವನು ಹೋದ, ದೊಡ್ಡ ಗ್ರೈಂಡರ್ ಬಂತು. ಈಗ ನಮ್ಮ ಎರಡು ಶಾಖೆಗಳಿಗೆ ಹಿಟ್ಟೂ ಚಟ್ನಿಯೂ ಒಂದೇ ಅಡುಗೆಮನೆಯಿಂದ ಬೆಳಿಗ್ಗೆ ಟೆಂಪೋದಲ್ಲಿ ಬರುತ್ತದೆ. ಬಿಲ್ಲಿಗೆ ಕ್ಯಾಷಿಯರ್ ಬದಲು ಸ್ಪರ್ಶಪರದೆಯ ಪೆಟ್ಟಿಗೆ ನಿಲ್ಲಿಸುವ ಮಾತು ನಡೆಯುತ್ತಿದೆ. ದೋಸೆ ಯಂತ್ರ ನೋಡಿಕೊಂಡು ಬಂದ ನಮ್ಮ ಯಜಮಾನರು ಮೂರು ದಿನ ಅದನ್ನೇ ಹೇಳಿದರು, ನಾಲ್ಕನೇ ದಿನ ಬಿಟ್ಟರು. "ದೋಸೆ ಸಮ ಬತ್ತ್, ಆದ್ರೆ ಎಲ್ಲ ಒಂದೇ ನಮೂನಿ," ಅಂದರು. ಅದು ಹೊಗಳಿಕೆಯೋ ದೂರೋ ನನಗೆ ಗೊತ್ತಾಗಲಿಲ್ಲ.

ಎಲ್ಲ ಒಂದೇ ನಮೂನೆ ಬರಬೇಕು ಅನ್ನುವುದೇ ಅಮೆರಿಕದ ಫಾಸ್ಟ್‌ಫುಡ್ ಕಟ್ಟಿದ ತಳಪಾಯ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ತಮ್ಮ ಅಂಗಡಿಯನ್ನು ಹೊಸದಾಗಿ ಜೋಡಿಸಿದಾಗ ಕಾರಿನ ಬಳಿ ತಿಂಡಿ ಕೊಂಡೊಯ್ಯುವವರನ್ನು ತೆಗೆದರು, ತಿಂಡಿಗಳ ಪಟ್ಟಿ ಕತ್ತರಿಸಿದರು, ಅಡುಗೆಯನ್ನು ಚೂರುಚೂರು ಮಾಡಿದರು. ಒಬ್ಬ ಬರೀ ಸುಡುತ್ತಾನೆ, ಒಬ್ಬ ಬರೀ ಸುತ್ತುತ್ತಾನೆ. ನುರಿತ ಅಡುಗೆಯವನು ಬೇಕಿಲ್ಲ, ಇವತ್ತು ಬಂದವನು ನಾಳೆ ಕೆಲಸ ಮಾಡಬಲ್ಲ. ಅಂದಮೇಲೆ ಇವತ್ತು ಬಿಟ್ಟು ಹೋದರೂ ನಷ್ಟವಿಲ್ಲ. ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ವರ್ಷದೊಳಗೆ ಬಿಟ್ಟುಹೋಗುವವರ ಪ್ರಮಾಣ ನೂರಕ್ಕೆ ನೂರು ದಾಟುವುದು ಮಾಮೂಲು. ಅಂದರೆ ನೂರು ಜಾಗಗಳಿಗೆ ಒಂದು ವರ್ಷದಲ್ಲಿ ನೂರಕ್ಕಿಂತ ಹೆಚ್ಚು ಸಲ ಹೊಸಬರನ್ನು ಹುಡುಕಬೇಕು. ಬಿಟ್ಟು ಹೋಗುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಟ್ಟಿದ ಅಡುಗೆಮನೆ ಅದು. ಅಲ್ಲೂ ಜನ ಸುಮ್ಮನಿರಲಿಲ್ಲ. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫಾಸ್ಟ್‌ಫುಡ್ ಕೆಲಸಗಾರರು ಗಂಟೆಗೆ 15 ಡಾಲರ್ ಕೇಳಿ ಬೀದಿಗೆ ಬಂದರು. ಕ್ಯಾಲಿಫೋರ್ನಿಯಾದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಸರಪಳಿ ಅಂಗಡಿಗಳಿಗೆ ಕನಿಷ್ಠ ಕೂಲಿ ಗಂಟೆಗೆ 20 ಡಾಲರ್ ಆಯಿತು.

ಆ ಮಾದರಿ ನಮ್ಮೂರಿಗೂ ಬಂತು. ಬ್ರಿಗೇಡ್ ರಸ್ತೆಯಲ್ಲಿ 1995ರಲ್ಲಿ ಕೆಎಫ್‌ಸಿ ತೆರೆದಾಗ ಆದ ಗಲಾಟೆ ನೆನಪಿರುವವರು ಇದ್ದಾರೆ. ಈಗ ಅಂಥ ಅಂಗಡಿಗಳಲ್ಲಿ ಟೋಪಿ ಹಾಕಿದ ಕಾಲೇಜು ಹುಡುಗ ಹುಡುಗಿಯರು ನಿಲ್ಲುತ್ತಾರೆ. ಅವರಿಗೆ ಪಾಳಿ ಇದೆ, ಸಂಬಳದ ಚೀಟಿ ಇದೆ, ಮ್ಯಾನೇಜರ್ ಆಗುವ ದಾರಿ ಕಾಗದದ ಮೇಲಾದರೂ ಇದೆ.

ದರ್ಶಿನಿಗೆ ಬಂದ ಫಜೀತಿ ಬೇರೆ ಥರದ್ದು. ನಮ್ಮ ಅಡುಗೆಮನೆ ಕಟ್ಟಿದ್ದು ನಿಲ್ಲುವವರನ್ನು ನಂಬಿ. ಇಡ್ಲಿಯ ಕೆಲಸವನ್ನು ಚೂರುಚೂರು ಮಾಡಿ ಯಾರ ಕೈಗಾದರೂ ಕೊಡಬಹುದು, ದೋಸೆಯದನ್ನು ಕೊಡಲಾಗುವುದಿಲ್ಲ. ಬೆಳಿಗ್ಗೆ ಐದೂಮುಕ್ಕಾಲಕ್ಕೆ ನಮ್ಮ ದೋಸೆ ಭಟ್ಟರನ್ನು ನೋಡಬೇಕು. ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದು ಚುಂಯ್ ಅನ್ನುವ ಸದ್ದು ಕೇಳಿ, ತೆಂಗಿನ ಪೊರಕೆಯಿಂದ ಒಂದು ಸಲ ಗುಡಿಸುತ್ತಾರೆ. ಸದ್ದು ಜೋರಾಗಿದ್ದರೆ ಉರಿ ಕಡಿಮೆ ಮಾಡುತ್ತಾರೆ, ಯಾವ ಮೀಟರೂ ಇಲ್ಲ. ಹಿಟ್ಟು ಬಿಡುವುದು ಎಡದ ತುದಿಯಿಂದ. ಹದಿನಾರನೆಯದನ್ನು ಹರಡುವ ಹೊತ್ತಿಗೆ ಮೊದಲನೆಯದರ ಅಂಚು ಏಳುತ್ತಿರುತ್ತದೆ. ಚಳಿಗಾಲದಲ್ಲಿ ಹಿಟ್ಟು ಸರಿಯಾಗಿ ಹುಳಿ ಬರದಿದ್ದರೆ ಮೂಸಿ ನೋಡಿಯೇ ಗೊತ್ತು ಮಾಡಿಕೊಂಡು, ಉರಿಯನ್ನೂ ಕೈಯ ಬೀಸನ್ನೂ ಬದಲಾಯಿಸುತ್ತಾರೆ. ಇದನ್ನು ಕಲಿಯಲು ಕಡಿಮೆಯೆಂದರೂ ಒಂದು ವರ್ಷ ಅದೇ ಕಲ್ಲಿನ ಪಕ್ಕ ನಿಲ್ಲಬೇಕು. ಆದರೆ ಈಗ ಬರುವ ಹುಡುಗರು ಸರಾಸರಿ ಏಳೆಂಟು ತಿಂಗಳು ಇರುತ್ತಾರೆ, ನನ್ನ ಹಾಜರಿ ಪುಸ್ತಕದ ಪ್ರಕಾರ.

ಭಟ್ಟರಿಗೆ ಐವತ್ತೆಂಟು. ಮೊಣಕಾಲಿನ ಕೆಳಗೆ ನರ ಗಂಟುಗಟ್ಟಿ ನೀಲಿಯಾಗಿದೆ. ಅವರ ಮಗ ಮಣಿಪಾಲದಲ್ಲಿ ಓದಿ ಕಂಪನಿ ಸೇರಿದ್ದಾನೆ. ಯಜಮಾನರ ಮಗ ಕೆನಡಾದಲ್ಲಿದ್ದಾನೆ. "ನಮ್ಮೂರ್ ಮಾಣಿ ಒಬ್ಬನೂ ಬತ್ತಿಲ್ಲ ಕಾಣಿ," ಅಂತ ಇಬ್ಬರೂ ನನ್ನ ಹತ್ತಿರ ದುಃಖ ಹೇಳಿಕೊಳ್ಳುತ್ತಾರೆ. ನಿಮ್ಮ ಮನೆಯ ಮಾಣಿಯೇ ಬಂದಿಲ್ಲವಲ್ಲ ಅಂತ ನಾನು ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಊರಿಗೆ ಶಾಲೆ ಬಂತು, ಕಾಲೇಜು ಬಂತು, ಮಾಣಿಗಳು ಓದಿದರು. ಅದರಲ್ಲಿ ದುಃಖಪಡುವುದಕ್ಕೆ ಏನಿದೆ?

ಕರಾವಳಿಯವರ ಜಾಗಕ್ಕೆ ಮೊದಲು ಉತ್ತರ ಕರ್ನಾಟಕದವರು, ಮಲೆನಾಡಿನವರು ಬಂದರು. ಆಮೇಲೆ ಒಡಿಶಾ, ಬಂಗಾಳ, ಬಿಹಾರ, ಜಾರ್ಖಂಡ್, ಅಸ್ಸಾಂ, ನೇಪಾಳ. 2012ರ ಆಗಸ್ಟ್ ತಿಂಗಳ ಮಧ್ಯದಲ್ಲಿ, ನಾನು ಈ ಕೆಲಸಕ್ಕೆ ಬಂದ ಹೊಸತು, ಮೊಬೈಲಿನಲ್ಲಿ ಹಬ್ಬಿದ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹಿಡಿಯಲು ಸಿಟಿ ಸ್ಟೇಷನ್ನಿಗೆ ನುಗ್ಗಿದರು. ನಮ್ಮಲ್ಲಿ ಮರುದಿನ ಪಾತ್ರೆ ತೊಳೆಯಲು ಒಬ್ಬನೂ ಇರಲಿಲ್ಲ. ಯಜಮಾನರೇ ಪಂಚೆ ಎತ್ತಿಕಟ್ಟಿ ಸಿಂಕಿನ ಮುಂದೆ ನಿಂತರು. ನಗರ ತಿನ್ನುವ ತಟ್ಟೆ ಯಾರ ಕೈಯಲ್ಲಿದೆ ಅಂತ ನನಗೆ ತಿಳಿದದ್ದು ಆ ದಿನ. 2020ರ ಲಾಕ್‌ಡೌನಿನಲ್ಲಿ ಅದೇ ಪಾಠ ಇನ್ನೂ ಕಟುವಾಗಿ ಆಯಿತು. ಊರಿಗೆ ಹೋಗುವವರ ರೈಲನ್ನೇ ರಾಜ್ಯ ಸರ್ಕಾರ ಮೇ ಮೊದಲ ವಾರದಲ್ಲಿ ಒಮ್ಮೆ ಬೇಡವೆಂದು, ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಹೋದವರಲ್ಲಿ ನಮ್ಮ ಹುಡುಗರು ಹನ್ನೊಂದು ಮಂದಿ, ಮರಳಿ ಬಂದವರು ನಾಲ್ಕು.

ಈಗಲೂ ಛಠ್ ಪೂಜೆ, ಬಿಹು, ದುರ್ಗಾಪೂಜೆ, ಅವರೂರಿನ ಚುನಾವಣೆ, ಇವೆಲ್ಲ ನನ್ನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಇರುತ್ತವೆ. ಮೊದಲು ಗಣೇಶ ಚೌತಿ, ದೀಪಾವಳಿಗಷ್ಟೇ ಗುರುತು ಹಾಕಿದರೆ ಸಾಕಿತ್ತು.

ಕನ್ನಡ ಬರದವರನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಗಿರಾಕಿಗಳು ಗಲ್ಲಾದ ಹತ್ತಿರ ಜಗಳಕ್ಕೆ ನಿಲ್ಲುವುದುಂಟು. ಕೋಪ ಅರ್ಥವಾಗುತ್ತದೆ. ಆದರೆ ದರ್ಶಿನಿಯ ಕನ್ನಡ ಎಂಟು ದಿನದ ಪಾಠ, 'ಎರಡು ಖಾಲಿ, ಒಂದು ಮಸಾಲೆ, ಚಟ್ನಿ ಬೇರೆ' ಅನ್ನುವಷ್ಟು. ಅದಕ್ಕಿಂತ ಮುಂದಿನದನ್ನು ಯಾರು ಕಲಿಸಬೇಕು? ಮಾವನಿಗೆ ಮರಾಠಿ, ಗುಜರಾತಿ ಕಲಿಸಿದ್ದು ಗಿರಾಕಿಗಳು. ಅವರೆಲ್ಲ ಕೂತು ತಿನ್ನುತ್ತಿದ್ದರು, ಮಾಣಿಯ ಹೆಸರು ಕೇಳುತ್ತಿದ್ದರು. ನಿಂತು ತಿಂದು ಆರು ನಿಮಿಷದಲ್ಲಿ ಹೊರಡುವವರು ಯಾರ ಹೆಸರೂ ಕೇಳುವುದಿಲ್ಲ.

ಹೆಸರಿನ ಮಾತು ಬಂತು. ಹೊಸದಾಗಿ ಯಾರೇ ಬರಲಿ, ಒಳಗೆ ಅವನ ಹೆಸರು ರಾಜು. ಒಂದು ಸಲ ನನ್ನ ಪಟ್ಟಿಯಲ್ಲಿ ಮೂವರು ರಾಜುಗಳಿದ್ದರು, ಮೂವರ ಆಧಾರ್‌ನಲ್ಲೂ ರಾಜು ಅನ್ನುವ ಹೆಸರಿಲ್ಲ. ಅವರಲ್ಲಿ ಅಸ್ಸಾಂನ ಹುಡುಗ ಒಬ್ಬ. ಅವನ ಕಾಗದ ಪತ್ರ ಮಾಡಲು ನನಗೆ ಎರಡು ತಿಂಗಳು ಹಿಡಿಯಿತು. ಹಿಂದೆ ಚೆನ್ನೈಯಲ್ಲಿ ಯಾರೋ ಅವನಿಗೆ ಪಿಎಫ್ ನಂಬರು ಮಾಡಿಸಿದ್ದರು, ಅದಕ್ಕೆ ಜೋಡಿಸಿದ್ದ ಮೊಬೈಲು ನಂಬರು ಈಗ ಇನ್ಯಾರದೋ ಕೈಯಲ್ಲಿದೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಇಲ್ಲಿ ಇವನು ಕೈಯಲ್ಲಿ ಫೋನು ಹಿಡಿದು ಕಾಯುತ್ತಾನೆ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಸ್ಪೆಲಿಂಗ್ ಒಂದು, ಬ್ಯಾಂಕಿನಲ್ಲಿ ಇನ್ನೊಂದು.

ಅವನ ಪ್ರಶ್ನೆ ನೇರವಾಗಿತ್ತು: "ಸಾರ್, ಕೈಗೆ ಕೊಡಲ್ಲವಾ?" 15,000ಕ್ಕೆ 12 ಪರ್ಸೆಂಟ್ ಅಂದರೆ 1,800 ರೂಪಾಯಿ ಅವನ ಕಣ್ಣೆದುರೇ ಮಾಯವಾಗುತ್ತದೆ. ಇಎಸ್‌ಐಗೆ 113 ಹೋಗುತ್ತದೆ. ಮುಂದೆಂದೋ ಸಿಗುವ ದುಡ್ಡಿನ ಬಗ್ಗೆ, ಹಿಂದೆ ಎರಡು ಊರಿನಲ್ಲಿ ಬಿಟ್ಟು ಬಂದ ಪಿಎಫ್ ಇವತ್ತಿಗೂ ಕೈಗೆ ಸಿಗದವನಿಗೆ ನಾನು ಏನು ಹೇಳಲಿ? ಇಎಸ್‌ಐ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕುದಿಯುವ ಎಣ್ಣೆಯ ಪಕ್ಕ ನಿಲ್ಲುವವನಿಗೆ ಆ ಚೀಟಿ ಬೇಕು.

ಯಜಮಾನರುಗಳ ಕಡೆಯ ಕಣ್ಣುಮುಚ್ಚಾಲೆ ಬೇರೆಯೇ ಇದೆ. ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಹಾಗಾಗಿ ಈ ಊರಿನಲ್ಲಿ ಹತ್ತೊಂಬತ್ತು ಜನರ ಹೋಟೆಲುಗಳು ಆಶ್ಚರ್ಯವಾಗುವಷ್ಟಿವೆ. ನಾನು ಹಿಂದೆ ಲೆಕ್ಕ ಬರೆಯುತ್ತಿದ್ದ ಒಂದು ಕಡೆ ಅಡುಗೆಮನೆಯಲ್ಲಿ ಇಪ್ಪತ್ತಾರು ತಲೆ ಎಣಿಸಿ ಬಂದು ಪುಸ್ತಕದಲ್ಲಿ ಹತ್ತೊಂಬತ್ತು ಬರೆದಿದ್ದೇನೆ. ಬರೆದದ್ದು ಈ ಕೈಯೇ. ಅಲ್ಲಿ ಹುಡುಗರ ಆಧಾರ್ ಕಾರ್ಡುಗಳನ್ನು ರಬ್ಬರ್‌ಬ್ಯಾಂಡ್ ಹಾಕಿ ಗಲ್ಲಾದ ಕೆಳಗೆ ಇಟ್ಟಿರುತ್ತಿದ್ದರು, ಅಡ್ವಾನ್ಸ್ ತಗೊಂಡು ಓಡಿಹೋಗದಿರಲಿ ಅಂತ. ಒಬ್ಬ ಕಾರ್ಡು ಬಿಟ್ಟೇ ಓಡಿಹೋದ. ಆ ಕೆಲಸ ನಾನೂ ಬಿಟ್ಟೆ, ಆದರೆ ಕೂಡಲೇ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಏಳು ತಿಂಗಳು ಬೇಕಾಯಿತು.

ಕಾನೂನು ಪುಸ್ತಕದಲ್ಲಿ ಕೊರತೆ ಕಡಿಮೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು, ವಾರದ ರಜೆ ಒಂದು ದಿನ ಅನ್ನುತ್ತದೆ. ದರ್ಶಿನಿಯ ದಿನ ಮಾತ್ರ ಕಾಯ್ದೆ ಓದಿಕೊಂಡು ಬಂದದ್ದಲ್ಲ. ಬೆಳಿಗ್ಗೆ ಐದರಿಂದ ಹನ್ನೊಂದೂವರೆ, ಮತ್ತೆ ಸಂಜೆ ನಾಲ್ಕರಿಂದ ಹತ್ತು. ನಡುವಿನದು ವಿಶ್ರಾಂತಿ ಅಂತ ನಾವು ಬರೆಯುತ್ತೇವೆ. ಎಂಟು ಜನರ ರೂಮಿನಲ್ಲಿ ಎರಡು ಫ್ಯಾನು, ಅಲ್ಲಿಗೆ ಹೋಗಿ ಬರಲು ಅರ್ಧ ಗಂಟೆ. ಹೆಂಗಸರು ಈ ಕೆಲಸಕ್ಕೆ ಬಾರದಿರುವುದಕ್ಕೂ ಇದೇ ಕಾರಣ. ಪಕ್ಕದ ಬೀದಿಯಲ್ಲಿ ಮನೆ ಇರುವ ಎಷ್ಟೋ ಹೆಂಗಸರು ಬೆಳಿಗ್ಗೆ ಎಂಟರಿಂದ ಎರಡರವರೆಗಿನ ಪಾಳಿ ಕೊಟ್ಟರೆ ನಾಳೆಯೇ ಬರುತ್ತಾರೆ. ನಮ್ಮಲ್ಲಿ ತರಕಾರಿ ಹೆಚ್ಚುವ ಹೆಂಗಸೊಬ್ಬರು ಹಾಗೆ ಬಂದು ಒಂಬತ್ತು ವರ್ಷವಾಯಿತು, ಒಂದು ದಿನ ಹೇಳದೆ ತಪ್ಪಿಸಿಲ್ಲ. ಜನ ನಿಲ್ಲುವುದಿಲ್ಲ ಅನ್ನುವ ಯಜಮಾನರ ಲೆಕ್ಕಕ್ಕೆ ಅವರು ಬರುವುದೇ ಇಲ್ಲ.

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಅದರಲ್ಲಿದೆ. ನಾನು ಕನ್ನಡದಲ್ಲೂ ಹಿಂದಿಯಲ್ಲೂ ಒಂದು ಪುಟದ ಪತ್ರ ತಯಾರಿಸಿದೆ. ಕೊಟ್ಟಾಗ ಅಸ್ಸಾಂನ ರಾಜು ಅದನ್ನು ಎರಡು ಸಲ ಮಡಿಚಿ, ಮತ್ತೆ ಬಿಚ್ಚಿ, ತನ್ನ ನಿಜವಾದ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಅದರ ಫೋಟೊ ತೆಗೆದು ಊರಿಗೆ ಕಳಿಸಿದ.

ಹುಡುಗರನ್ನು ನಮ್ಮಿಂದ ಕಿತ್ತುಕೊಳ್ಳುವುದು ಈಗ ಪಕ್ಕದ ಹೋಟೆಲಲ್ಲ, ಬೈಕು. ಆ ಮೂವರು ರಾಜುಗಳಲ್ಲಿ ಇನ್ನೊಬ್ಬ ಬಿಟ್ಟು ಹೋಗಿ ತಿಂಗಳಾಗುವುದರೊಳಗೆ ಬಣ್ಣದ ಟೀಶರ್ಟು ತೊಟ್ಟು ನಮ್ಮ ಪಾರ್ಸೆಲ್ ಕೌಂಟರಿನ ಹೊರಗೆ ನಿಂತ. "ಬೇಗ ಕೊಡಿ ಅಣ್ಣ, ಟೈಮ್ ಆಯ್ತು," ಅಂತ ತನ್ನ ಹಳೆಯ ಗೆಳೆಯರಿಗೇ ಅವಸರಪಡಿಸಿದ. ಕನ್ನಡ ಮೊದಲಿಗಿಂತ ಚೆನ್ನಾಗಿ ಬರುತ್ತಿತ್ತು. ಪೆಟ್ರೋಲು ಅವನದೇ, ಬಿದ್ದರೆ ಗಾಯ ಅವನದೇ, ಆದರೂ "ಯಾರೂ ಬೈಯಲ್ಲ ಸಾರ್" ಅಂದ. ಅಂಥವರಿಗೆಂದು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ಮಾಡಿದೆ. ಆ್ಯಪ್ ಕಂಪನಿಗಳು ಅವರಿಗೆ ಕೊಡುವ ದುಡ್ಡಿನ ಮೇಲೆ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು. ಯಾರೂ ಬೈಯದಿರುವುದಕ್ಕೆ ಒಬ್ಬ ಮನುಷ್ಯ ಎಷ್ಟು ಬೆಲೆ ಕೊಡಬಲ್ಲ ಅನ್ನುವುದನ್ನು ನಮ್ಮ ಹೋಟೆಲು ಸಂಘದ ಸಭೆಗಳಲ್ಲಿ ಯಾರಾದರೂ ಒಮ್ಮೆ ಲೆಕ್ಕ ಹಾಕಬೇಕು.

ಅಸ್ಸಾಂನ ರಾಜು ಮಾತ್ರ ನಿಂತ. ಕಾರಣ ಭಟ್ಟರು. ಕಾಲು ನೋವು ತಡೆಯದೆ ಒಂದು ಮಧ್ಯಾಹ್ನ ಅವನ ಕೈಗೆ ಸೌಟು ಕೊಟ್ಟರು. ಮೊದಲ ವಾರದ ದೋಸೆಗಳು ಭೂಪಟದ ಹಾಗಿದ್ದವು, ಹುಡುಗರೇ ತಿಂದು ಮುಗಿಸಿದರು. ಭಟ್ಟರು ಸ್ಟೂಲಿನ ಮೇಲೆ ಕೂತು ಹಿಂದಿಯೂ ಅಲ್ಲದ ಕನ್ನಡವೂ ಅಲ್ಲದ ಭಾಷೆಯಲ್ಲಿ ಬೈಯುತ್ತಿದ್ದರು, ಅವನು ನಗುತ್ತಿದ್ದ. ನಾಲ್ಕನೇ ತಿಂಗಳಿಗೆ ಸದ್ದು ಕೇಳಿ ಉರಿ ಇಳಿಸುವುದನ್ನು ನಾನೇ ನೋಡಿದೆ. ಹದಿಮೂರನೇ ತಿಂಗಳಿಗೆ ಬೆಳಗಿನ ಹೊತ್ತು ಇಡೀ ಕಲ್ಲು ಅವನದು.

ಹದಿನೈದನೇ ತಿಂಗಳಿಗೆ ಹೈದರಾಬಾದಿನ ಒಂದು ಹೊಸ ಹೋಟೆಲಿನವರು ಅವನನ್ನು ದೋಸೆ ಮಾಸ್ಟರ್ ಅಂತ ಕರೆದುಕೊಂಡು ಹೋದರು, ಇಲ್ಲಿನ ಎರಡು ಪಟ್ಟು ಸಂಬಳಕ್ಕೆ. ಯಜಮಾನರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. "ಕಲ್ಸಿದ್ದೇ ತಪ್ಪು," ಅಂದರು. ಭಟ್ಟರು ಏನೂ ಹೇಳದೆ ಮತ್ತೆ ಕಲ್ಲಿನ ಮುಂದೆ ನಿಂತರು. ಮಾವನೂ ಹೀಗೇ ಒಂದು ಹೋಟೆಲಿನಲ್ಲಿ ಕಲಿತು ಇನ್ನೊಂದಕ್ಕೆ ಹೋಗಿ ಗಲ್ಲಾ ಹಿಡಿದವರು ಅನ್ನುವುದು ನನಗೆ ನೆನಪಾಯಿತು.

ತಿಂಗಳ ಕೊನೆಗೆ ಅವನ ಹೆಸರಿನ ಮುಂದೆ ಕೆಲಸ ಬಿಟ್ಟ ದಿನಾಂಕ ತುಂಬಲು ಪಿಎಫ್ ಪೋರ್ಟಲ್ ತೆರೆದೆ. ದಿನಾಂಕ ಹಾಕಿದ ಮೇಲೆ ಕಾರಣ ಕೇಳುತ್ತದೆ. ನಿವೃತ್ತಿ, ಮರಣ, ಶಾಶ್ವತ ಅಂಗವೈಕಲ್ಯ, ಸೇವೆ ಸ್ಥಗಿತ, ಇಂಥವೇ ಒಂದಷ್ಟು. ದೋಸೆ ಹಾಕಲು ಕಲಿತ ಅನ್ನುವುದು ಆ ಪಟ್ಟಿಯಲ್ಲಿಲ್ಲ. ಸೇವೆ ಸ್ಥಗಿತ ಅಂತ ಒತ್ತಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಹತ್ತೊಂಬತ್ತು ಇಪ್ಪತ್ತರ ಹುಡುಗ, ಭುಜಕ್ಕೊಂದು ಬ್ಯಾಗು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್. ಬೋರ್ಡು ನೋಡಿ ಬಂದೆ ಅಂದ. ಕೂರು ಅಂತ ಉದ್ದಿನ ಚೀಲ ತೋರಿಸಿ, ಹೆಸರು ಬರೆಯಲು ಪೆನ್ನು ತೆಗೆದೆ. ಹೆಸರು ಕೇಳುವುದರೊಳಗೆ ಅಡುಗೆಮನೆಯಿಂದ ಕೂಗು ಬಂತು:

"ಏ ರಾಜು, ತಟ್ಟೆ ತಗೊಂಡ್ ಬಾರಾ!"